ನಲವತ್ತೆಂಟನೆಯ ಪುಟದ ಲೇಖಕರಿಗೆ

ಮೋಟಾರ್ ಸೈಕಲ್ ಕಂಪನಿಯೊಂದರ 'ಮಾಲೀಕರ ಕೈಪಿಡಿ'ಯನ್ನು ಬರೆದೂ ಅದರಲ್ಲಿ ಎಲ್ಲಿಯೂ ತಮ್ಮ ಹೆಸರು ಹಾಕಿಕೊಳ್ಳದ ವಿನಯವಂತರೂ, ಒಂದು ವಾಕ್ಯಕ್ಕೆ ಆರು ಪದಗಳಿಗಿಂತ ಹೆಚ್ಚು ಖರ್ಚು ಮಾಡದ ಮಿತಭಾಷಿಗಳೂ ಆದ ಮಾನ್ಯರೇ,

ಮೈಸೂರಿನ ವಿದ್ಯಾರಣ್ಯಪುರಂ ನಿವಾಸಿಯೂ, ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರದ ಉಪನ್ಯಾಸಕನೂ, ತಮ್ಮ ಕೃತಿಯನ್ನು ಒಂದೆರಡು ಪುಟ ಬಿಟ್ಟು ಮುಖಪುಟದಿಂದ ಹಿಂಬದಿಯವರೆಗೆ ಓದಿರುವ ಬಹುಶಃ ಏಕೈಕ ಓದುಗನೂ ಆದ ಮಂಟೇಸ್ವಾಮಿಯ ಸವಿನಯ ನಮಸ್ಕಾರಗಳು. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆಯೋಣವೆಂದರೆ ತಮ್ಮ ವಿಳಾಸ ನನಗೆ ಗೊತ್ತಿಲ್ಲ. ಅಲ್ಲದೆ ಈ ವಿಷಯದಲ್ಲಿ ಖಾಸಗಿ ಎನ್ನುವಂಥದ್ದು ನನ್ನ ಬಳಿ ಏನೂ ಉಳಿದಿಲ್ಲ.

ಮೊದಲು ಒಳ್ಳೆಯ ಮಾತು. ತಮ್ಮ ಪುಸ್ತಕದಲ್ಲಿ ಓದುಗನ ಮೇಲಿನ ಕಾಳಜಿ ಪುಟಪುಟಕ್ಕೂ ತುಳುಕುತ್ತದೆ. ಗಾಡಿಯ ಮೇಲೆ ಒಬ್ಬರು ಕೂತರೆ ಚಕ್ರಕ್ಕೆ ಎಷ್ಟು ಗಾಳಿ, ಇಬ್ಬರು ಕೂತರೆ ಎಷ್ಟು ಎಂದು ಬೇರೆಬೇರೆಯಾಗಿ ಹೇಳಿದ್ದೀರಿ. ತಿರುಗುತ್ತಿರುವ ಚೈನಿಗೆ ಬೆರಳು ಕೊಡಬೇಡಿರೆಂದು ಚಿತ್ರ ಬರೆಸಿ ಎಚ್ಚರಿಸಿದ್ದೀರಿ. ಬ್ಯಾಟರಿಯ ನೀರನ್ನು ಕುಡಿಯಬಾರದೆಂಬ ಮಾತನ್ನು ದಪ್ಪಕ್ಷರದಲ್ಲಿ, ಅದೂ ಎರಡು ಕಡೆ ಹಾಕಿದ್ದೀರಿ. ಮನುಕುಲದ ಇಷ್ಟೆಲ್ಲ ದಡ್ಡತನವನ್ನು ಮುಂದಾಗಿ ಕಂಡ ತಾವು ನನ್ನೊಬ್ಬನ ದಡ್ಡತನವನ್ನು ಮಾತ್ರ ಊಹಿಸದೆ ಬಿಟ್ಟಿರಲ್ಲ ಎಂಬುದೇ ನನ್ನ ದೂರಿನ ತಿರುಳು.

ನಡೆದದ್ದನ್ನು ನಿವೇದಿಸುತ್ತೇನೆ. ನನ್ನ ಹೆಂಡತಿ ಸುಮಾ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸದಲ್ಲಿದ್ದಾಳೆ. ಹನ್ನೊಂದು ವರ್ಷವೂ ಅದೇ ಕಿಟಕಿಯಿಲ್ಲದ ಕೋಣೆ, ಅದೇ ಸ್ಟೂಲು, ಚಾಚಿದ ತೋಳುಗಳ ಅದೇ ಸಾಲು. ಈ ವರ್ಷ ಲ್ಯಾಬಿನವರು ರೋಗಿಗಳ ಮನೆಗೇ ಹೋಗಿ ರಕ್ತದ ಮಾದರಿ ತರುವ ವಿಭಾಗವೊಂದನ್ನು ತೆರೆದು, ಅದರ ಜವಾಬ್ದಾರಿಯನ್ನು ಸುಮಾಳಿಗೆ ವಹಿಸುವುದಾಗಿ ಹೇಳಿದರು. ಷರತ್ತು ಒಂದೇ: ಅವರ ಬಳಿ ಇದ್ದದ್ದು ಗೇರಿನ ಮೋಟಾರ್ ಸೈಕಲ್, ಅದನ್ನು ಓಡಿಸುವ ಲೈಸೆನ್ಸು ಮೂರು ತಿಂಗಳೊಳಗೆ ಆಕೆಯ ಕೈಯಲ್ಲಿರಬೇಕು. ಇಲ್ಲವಾದರೆ ಅದೇ ಲ್ಯಾಬಿನ ರಾಹುಲ್ ಎಂಬುವವರು ಲೈಸೆನ್ಸನ್ನು ಜೇಬಿನಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು.

ಸುಮಾಳಿಗೆ ನಲವತ್ತಮೂರು ವರ್ಷ. ಅದುವರೆಗೆ ಗಾಡಿಯ ಹಿಂದಿನ ಸೀಟು ಬಿಟ್ಟು ಮುಂದೆ ಬಂದವಳಲ್ಲ. ಎರಡು ತಿಂಗಳು ದಿನವೂ ಬೆಳಗ್ಗೆ ಬಡಾವಣೆಯ ಆಟದ ಮೈದಾನದಲ್ಲಿ ನಮ್ಮ ಹದಿನಾಲ್ಕು ವರ್ಷದ ಗಾಡಿಯ ಮೇಲೆ ಅಭ್ಯಾಸ ಮಾಡಿದಳು. ಎರಡು ಸಲ ಬಿದ್ದಳು, ಎದ್ದಳು. ಮೊದಲೆರಡು ದಿನ ನಾನು ಕೇಂದ್ರಾಭಿಮುಖ ಬಲದ ಸಹಾಯದಿಂದ ತಿರುವನ್ನು ವಿವರಿಸಿದೆ. ಮೂರನೆಯ ದಿನ ಆಕೆ, "ರೀ, ನಿಮ್ಮ ಪಾಠ ಕಾಲೇಜಲ್ಲೇ ಇರ್ಲಿ. ಇಲ್ಲಿ ಆ ಮರದ ಹತ್ರ ಸುಮ್ನೆ ನಿಂತ್ಕೊಳ್ಳಿ, ಸಾಕು" ಎಂದಳು. ನಿಂತುಕೊಂಡೆ. ಆಮೇಲೆ ಬೇಗ ಕಲಿತಳು.

ಪರೀಕ್ಷೆ ಶನಿವಾರ ಬೆಳಗ್ಗೆ ಹತ್ತಕ್ಕೆಂದು ನಿಗದಿಯಾಯಿತು. ತಪ್ಪಿದರೆ ಮುಂದಿನ ಸರದಿ ಸಿಗುತ್ತಿದ್ದುದು ಲ್ಯಾಬಿನವರ ಗಡುವು ಕಳೆದ ಮೇಲೆ. ಇಂಥ ದಿನಕ್ಕೆ ಗಾಡಿ ಬೆಣ್ಣೆಯಂತೆ ಓಡಬೇಕೆಂದು ನನಗೆ ಅನಿಸಿದ್ದರಲ್ಲಿ ತಪ್ಪಿಲ್ಲವೆಂದು ಈಗಲೂ ನಂಬಿದ್ದೇನೆ. ಒಂಬತ್ತು ವರ್ಷದಿಂದ ನಮ್ಮ ಗಾಡಿಯನ್ನು ನೋಡಿಕೊಂಡಿರುವ ಮೆಕ್ಯಾನಿಕ್ ದೇವರಾಜು, "ಆಯಿಲ್ ಕಪ್ಪಾಗೈತೆ ಸಾರ್, ಬಿಟ್ಟೋಗಿ, ಅರ್ಧ ಗಂಟೆ ಕೆಲ್ಸ" ಎಂದರು. ಎಂಜಿನ್ನಿನ ಎಣ್ಣೆ ಬದಲಾಯಿಸುವುದು ಬೇಳೆ ಬೇಯಿಸಿದಷ್ಟು ಸುಲಭವೆಂದು ತಮ್ಮ ಪುಸ್ತಕ ನನಗೆ ಭರವಸೆ ಕೊಟ್ಟಿತ್ತು. ಘರ್ಷಣೆಯ ಅಧ್ಯಾಯವನ್ನು ಇಪ್ಪತ್ತೆರಡು ಬಾರಿ ಪಾಠ ಮಾಡಿದವನು ನಾನು. ದೇವರಾಜು ಅವರಿಗೆ ಮುಗುಳ್ನಕ್ಕು, ಎಣ್ಣೆಯ ಡಬ್ಬವೊಂದನ್ನು ಕೊಂಡು ಮನೆಗೆ ಬಂದೆ.

ಶುಕ್ರವಾರ ಸಂಜೆ ಅಂಗಳದಲ್ಲಿ ತಮ್ಮ ನಲವತ್ತೇಳನೆಯ ಪುಟವನ್ನು ತೆರೆದಿಟ್ಟು, ಅಕ್ಷರ ಅಕ್ಷರಕ್ಕೂ ವಿಧೇಯನಾಗಿ ನಡೆದುಕೊಂಡೆ. ಎಂಜಿನ್ನನ್ನು ಸ್ವಲ್ಪ ಬೆಚ್ಚಗೆ ಮಾಡಿದೆ. ಕೆಳಗೆ ಹಳೆಯ ಬೋಗುಣಿ ಇಟ್ಟು ತಳದ ಬೋಲ್ಟನ್ನು ಬಿಚ್ಚಿದೆ. ಕಾಕಂಬಿಯಂಥ ಹಳೆಯ ಎಣ್ಣೆ ಹರಿದು ಬಂದು, ಕೊನೆಗೆ ತೊಟ್ಟಿಕ್ಕಿ ನಿಂತಿತು. ಹೊಸ ವಾಷರ್ ಹಾಕಿ ಬೋಲ್ಟು ಬಿಗಿದೆ. 'ಬೋಲ್ಟನ್ನು ಬಿಗಿಯಿರಿ. ಒರೆಸಿರಿ.' ತಮ್ಮ ನಲವತ್ತೇಳನೆಯ ಪುಟ ಅಲ್ಲಿಗೆ ಮುಗಿಯುತ್ತದೆ. ಒರೆಸಿದೆ. ಆಗ ಫೋನು ಬಂತು.

ಫೋನು ಮಾಡಿದವರು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲಕ್ಷ್ಮೀನರಸಿಂಹ. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ ದಿನ ಅದಲುಬದಲು ಮಾಡಿಕೊಳ್ಳೋಣವೇ ಎಂದು ಕೇಳಲು ಕರೆದ ಆ ಸಾಧುಪುರುಷನಿಗೆ, ಸ್ವಂತ ಕೈಯಿಂದ ಎಂಜಿನ್ನಿನ ಎಣ್ಣೆ ಬದಲಾಯಿಸುವುದು ಹೇಗೆಂಬುದನ್ನು ನಾನು ನಲವತ್ತು ನಿಮಿಷ ವಿವರಿಸಿದೆ. ಹೊಸ ಎಣ್ಣೆ ತುಂಬಿಸುವ ವಿಧಾನವನ್ನು ಅದರಲ್ಲಿ ವಿಶೇಷ ಸೊಗಸಿನಿಂದ ಹೇಳಿದೆನೆಂದು ಅವರು ಈಗ ಎಲ್ಲರಿಗೂ ಹೇಳುತ್ತಿದ್ದಾರೆ.

ಫೋನು ಇಟ್ಟು ಬಂದು ಹಾಳೆ ತಿರುವಿದೆ. ಇಲ್ಲಿ ತಮ್ಮ ಗಮನವನ್ನು ಬೇಡುತ್ತೇನೆ. ನನ್ನ ಬೆರಳಿನ ಜಿಡ್ಡಿಗೆ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಒಟ್ಟಿಗೆ ತಿರುಗಿದವು. ನಲವತ್ತೆಂಟು, ನಲವತ್ತೊಂಬತ್ತನೆಯ ಪುಟಗಳು ಒಳಗೇ ಉಳಿದು ಐವತ್ತನೆಯದು ಎದುರಾಯಿತು. ಐವತ್ತನೆಯ ಪುಟದ ಮೊದಲ ಸಾಲು: 'ಈಗ ಎಣ್ಣೆ ಹಾಕಿರಿ.' ಅದು ಚೈನಿಗೆ ಎಣ್ಣೆ ಹಾಕುವ ಪ್ರಕರಣ. ಪಕ್ಕದಲ್ಲೇ ಚೈನಿನ ಚಿತ್ರವಿತ್ತು. ತಾವು ಹೇಳಿದಂತೆ ಹಾಕಿದೆ. ಕೊಂಡಿಕೊಂಡಿಗೂ ಹಾಕಿದೆ. ಎಣ್ಣೆ ಹಾಕಿದ ತೃಪ್ತಿ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಆ ರಾತ್ರಿ ಯಾರಾದರೂ ನನ್ನಿಂದ ಪ್ರಮಾಣ ಮಾಡಿಸಿದ್ದರೆ ಚಾಮುಂಡೇಶ್ವರಿಯ ಮೇಲೆ ಆಣೆಯಿಟ್ಟು ಹೇಳುತ್ತಿದ್ದೆ. ಎಂಜಿನ್ನಿಗೆ ಹೊಸ ಎಣ್ಣೆ ತುಂಬಿಸಬೇಕೆಂಬ ಮಾತು ಮಾತ್ರ ನಲವತ್ತೆಂಟನೆಯ ಪುಟದಲ್ಲಿ, ತಾವು ಇಟ್ಟ ಜಾಗದಲ್ಲೇ, ಕತ್ತಲಲ್ಲಿ ತಣ್ಣಗೆ ಮಲಗಿತ್ತು.

ಬೆಳಗ್ಗೆ ಗಾಡಿ ಚಾಲೂ ಮಾಡಿದಾಗ ಒಳಗೆ ಯಾರೋ ಚಮಚಗಳನ್ನು ತೊಳೆಯುತ್ತಿರುವಂಥ ಸದ್ದು. ಸುಮಾ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು.

"ಏನ್ರೀ, ಸೌಂಡು ಬೇರೆ ಥರ ಇದ್ಯಲ್ಲ."

"ಹೊಸ ಆಯಿಲ್ ಕಣೇ. ಮೈಗೆ ಹತ್ತೋವರೆಗೂ ಹಾಗೇ ಇರುತ್ತೆ."

ಭೌತಶಾಸ್ತ್ರದಲ್ಲಿ ಇಂಥ ನಿಯಮವಿಲ್ಲ. ಆದರೂ ನನ್ನ ಬಾಯಿಂದ ಬಂದದ್ದರಿಂದ ಆಕೆ ನಂಬಿದಳು. ಪರೀಕ್ಷೆಗೆ ಮುಂಚೆ ಸುಸ್ತಾಗುವುದು ಬೇಡವೆಂದು ನಾನೇ ಓಡಿಸಿದೆ, ಆಕೆ ಹಿಂದೆ ಕೂತಳು. ಪರೀಕ್ಷೆಯ ಮೈದಾನ ಸಿದ್ಧಾರ್ಥನಗರದ ಆಚೆ. ನಂಜನಗೂಡು ರಸ್ತೆ ದಾಟಿ ರೇಸ್‌ಕೋರ್ಸಿನ ಗೋಡೆಯ ಪಕ್ಕಕ್ಕೆ ಬರುವ ಹೊತ್ತಿಗೆ ಚಮಚದ ಸದ್ದು ಸೌಟಿನ ಸದ್ದಾಯಿತು, ಕಾಲಿನ ಬಳಿ ಬಿಸಿ ಏರಿತು, ಗಾಡಿ ಮೂಗು ಮುರಿದಂತೆ ವೇಗ ಕಳೆದುಕೊಂಡಿತು. ಹಿಂದಿನ ಚಕ್ರ ಒಮ್ಮೆ ಕಚ್ಚಿ ಹಿಡಿದು, ನಾನು ಕ್ಲಚ್ಚು ಒತ್ತಿದ ಮೇಲೆ ಬಿಟ್ಟುಕೊಟ್ಟು, ಹಾಗೇ ಉರುಳುತ್ತಾ ಗೋಡೆಯ ಪಕ್ಕದ ಹೊಂಗೆಮರದ ಕೆಳಗೆ ನಿಂತಿತು. ಕಿಕ್ಕರ್ ತುಳಿದರೆ ಅದು ಬಂಡೆಯಂತೆ ಅಲ್ಲಾಡಲಿಲ್ಲ. ಗಂಟೆ ಒಂಬತ್ತೂ ಕಾಲು.

ಆಗ ಬಂದು ನಿಂತವರು ಮರಿಯಯ್ಯ. ವರುಣದ ಕಡೆಯ ಹಳ್ಳಿಯಿಂದ ದಿನವೂ ಸೊಪ್ಪು ತಂದು ಬಡಾವಣೆಗಳಲ್ಲಿ ಮಾರುವವರು. ಅರವತ್ತು ದಾಟಿದ ವಯಸ್ಸು, ತಲೆಗೆ ಟವೆಲ್ಲಿನ ಮೇಲೆ ಹೆಲ್ಮೆಟ್ಟು, ಹಳೆಯ ಗಾಡಿಯ ಎರಡು ಬದಿಗೂ ಕೊಕ್ಕೆಗೆ ನೇತುಹಾಕಿದ ಎರಡು ದೊಡ್ಡ ಕುಕ್ಕೆಗಳು. ಇಳಿದು ಬಂದು ಎಂಜಿನ್ನಿಗೆ ಕೈ ಹತ್ತಿರ ತಂದು, ಬಿಸಿಗೆ ಹಿಂದಕ್ಕೆಳೆದುಕೊಂಡು, ಟವೆಲ್ಲಿನಲ್ಲಿ ಹಿಡಿದು ಎಣ್ಣೆಯ ಮುಚ್ಚಳ ತಿರುಗಿಸಿ, ಎಣ್ಣೆಯ ಮಟ್ಟ ತೋರುವ ಅದರ ಕಡ್ಡಿಯನ್ನು ಬೆಳಕಿಗೆ ಹಿಡಿದರು.

"ಎಣ್ಣೆನೇ ಇಲ್ವಲ್ಲ ಸ್ವಾಮಿ. ಯಾರಾರ ಕದ್ಬುಟ್ರಾ?"

ಮಾನ್ಯರೇ, ಆ ಹಿರಿಯರು ನನಗೆ ಗೌರವದಿಂದ ಪಾರಾಗುವ ಬಾಗಿಲೊಂದನ್ನು ತೆರೆದರು, ನಾನು ಅದರ ಪಕ್ಕದ ಕಿಟಕಿಯಿಂದ ಹಾರಿದೆ. "ಸೋರಿಹೋಗಿರಬೇಕು" ಎಂದೆ.

ಸುಮಾ ಬಗ್ಗಿ ಗಾಡಿಯ ತಳವನ್ನು ನೋಡಿದಳು. ನಾವು ಬಂದ ದಾರಿಯನ್ನು ನೋಡಿದಳು. ಎಲ್ಲಿಯೂ ಒಂದು ಹನಿಯಿಲ್ಲ. ಎದ್ದು ನಿಂತು, ಮೆಲ್ಲಗೆ ಹೇಳಿದಳು: "ನಿನ್ನೆ ರಾತ್ರಿ ಅಂಗಳದಿಂದ ಆ ಆಯಿಲ್ ಡಬ್ಬ ನಾನೇ ಎತ್ತಿಟ್ಟೆ. ಖಾಲಿ ಡಬ್ಬ ಇಷ್ಟು ಭಾರ ಇರುತ್ತಾ ಅಂದ್ಕೊಂಡೆ. ನೀವು ಓದಿ ಮಾಡಿದ್ದೀರಲ್ಲ ಅಂತ ಸುಮ್ನಾದೆ."

ಆ ಕಡೆಯ ಮಾತು ನನಗೆ ತಗುಲಿದಷ್ಟು ಬೈಗುಳ ತಗುಲುತ್ತಿರಲಿಲ್ಲ. "ಹಾಕಿಲ್ಲ ಸುಮಾ. ಮರೆತೆ. ಸೋರಿದ್ದಲ್ಲ" ಎಂದೆ. ಆಕೆ ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಗಡಿಯಾರ ನೋಡಿಕೊಂಡಳು. ಎರಡು ತಿಂಗಳ ಬೆಳಗುಗಳು ಆ ಮುಖದಲ್ಲಿ ಒಂದು ಕ್ಷಣ ಬಂದು ಹೋದವು. ಮೊಣಕಾಲಿನ ಗಾಯಕ್ಕೆ ಅರಿಶಿನ ಹಚ್ಚಿಕೊಂಡು ಲ್ಯಾಬಿಗೆ ಹೋದ ದಿನವೂ ಅದರಲ್ಲಿತ್ತು. ಆಟೋ ಹಿಡಿದರೆ ಮೈದಾನ ಮುಟ್ಟಬಹುದು, ಆದರೆ ಪರೀಕ್ಷೆ ಕೊಡಲು ಗಾಡಿ ಎಲ್ಲಿಂದ ತರುವುದು. ನನಗೆ ಏನೂ ತೋಚಲಿಲ್ಲ. ಆಕೆಗೆ ತೋಚಿತು.

"ಅಣ್ಣ, ನಿಮ್ದು ಗೇರ್ ಗಾಡಿ ಅಲ್ವಾ?"

"ಊಂ ಕಣವ್ವ."

"ಪೇಪರೆಲ್ಲಾ ಸರಿಯಾಗಿದೆಯಾ? ನಿಮಗೆ ಲೈಸೆನ್ಸ್ ಇದೆಯಾ?"

"ಎಲ್ಲಾ ಅವೆ. ಇನ್ಸೂರೆನ್ಸು, ಹೊಗೆ ಚೀಟಿ, ಎಲ್ಲಾ ಈ ಕವರ್ನಲ್ಲೇ ಅವೆ. ಯಾಕವ್ವ?"

ಸುಮಾ ಎರಡೇ ಮಾತಿನಲ್ಲಿ ವಿಷಯ ಹೇಳಿದಳು. ಮರಿಯಯ್ಯ ಮೊದಲು ಆಕೆಯ ಫೈಲನ್ನು ನೋಡಿದರು, ಆಮೇಲೆ ತಮ್ಮ ಕುಕ್ಕೆಗಳನ್ನು. "ಕೊಡದೇನೋ ಕೊಡ್ಬೋದು. ಸೊಪ್ಪು ಬಾಡೋಯ್ತದಲ್ಲವ್ವ."

"ಇವರು ನೋಡ್ಕೋತಾರೆ" ಎಂದಳು ಸುಮಾ, ಮೊದಲ ಬಾರಿಗೆ ನನ್ನತ್ತ ತಿರುಗಿ.

ಐದು ನಿಮಿಷದಲ್ಲಿ ಕುಕ್ಕೆಗಳು ಮರದ ಕೆಳಗಿಳಿದವು, ಕಲಿಯುವವರ ಕೆಂಪು ಫಲಕ ನಮ್ಮ ಗಾಡಿಯಿಂದ ಆ ಗಾಡಿಗೆ ಹೋಯಿತು. ಮರಿಯಯ್ಯ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು, "ಗಳಿಗೆಗೊಂದ್ಸಲ ಚಿಮುಕಿಸ್ತಿರಿ, ಸುರಿಬ್ಯಾಡಿ" ಎಂದು ಅಪ್ಪಣೆ ಕೊಡಿಸಿ ಹಿಂದಿನ ಸೀಟಿಗೆ ಹತ್ತಿದರು. ಹತ್ತಿದ ಮೇಲೆ ಆಕೆಗೆ ಹೇಳಿದ ಮಾತು ನನಗೂ ಕೇಳಿಸಿತು: "ಇದ್ರಲ್ಲಿ ಗೇರೆಲ್ಲಾ ನಿಮ್ಮ ಗಾಡಿಗೆ ತಿರುಗಾಮುರುಗಾ ಕಣವ್ವ. ಗ್ಯಾನ ಇಟ್ಕೊಂಡು ಓಡ್ಸು." ಗಾಡಿ ಒಮ್ಮೆ ಮುಗ್ಗರಿಸಿ, ಸಾವರಿಸಿಕೊಂಡು, ಲಲಿತಮಹಲ್ ರಸ್ತೆಯ ಕಡೆ ಹೊರಟುಹೋಯಿತು.

ಹೀಗೆ ನನ್ನ ಹೆಂಡತಿ ಬದುಕಿನ ಮುಖ್ಯ ಪರೀಕ್ಷೆ ಬರೆಯುತ್ತಿದ್ದ ಹೊತ್ತಿನಲ್ಲಿ ನಾನು ರೇಸ್‌ಕೋರ್ಸಿನ ಗೋಡೆಗೆ ಬೆನ್ನು ಕೊಟ್ಟು, ಎಡಕ್ಕೆ ಸತ್ತ ಗಾಡಿ, ಬಲಕ್ಕೆ ಎರಡು ಕುಕ್ಕೆ ಸೊಪ್ಪು ಇಟ್ಟುಕೊಂಡು ಕೂತಿದ್ದೆ. ಹಾದುಹೋಗುವವರು ನಿಂತು ದಂಟಿನ ಸೊಪ್ಪಿನ ಕಂತೆ ಎತ್ತಿ ಮೂಸಿ ನೋಡುತ್ತಿದ್ದರು. ನಾಲ್ಕನೆಯವರಾಗಿ ಸ್ಕೂಟರಿನಲ್ಲಿ ಬಂದು ನಿಂತವರು ನಮ್ಮ ಕಾಲೇಜಿನ ಕಚೇರಿಯ ಸರೋಜಮ್ಮ.

"ಸಾರ್, ನೀವಾ?" ಎಂದು ಹೆಲ್ಮೆಟ್ಟು ತೆಗೆದರು.

"ಇದು ನಂದಲ್ಲ ಮೇಡಂ. ನೋಡ್ಕೊಂಡಿದ್ದೀನಿ ಅಷ್ಟೆ."

"ಇರ್ಲಿ ಬಿಡಿ ಸಾರ್, ಯಾವ ಕೆಲಸವೂ ಕೀಳಲ್ಲ. ಸಬ್ಬಸಿಗೆ ಇವತ್ತಿಂದೋ ನಿನ್ನೆದೋ?"

"ಇವತ್ತಿಂದೇ" ಎಂದೆ. ನನಗೆ ಗೊತ್ತಿರಲಿಲ್ಲ. ಆದರೆ ಆ ದಿನ ಬೆಳಗಿನಿಂದ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುವುದು ನನಗೆ ರೂಢಿಯಾಗಿಬಿಟ್ಟಿತ್ತು. ಅವರು ಮೂರು ಕಂತೆ ಆರಿಸಿಕೊಂಡು, ಕಾಲೇಜಿನಲ್ಲಿ ಯಾರಿಗೂ ಹೇಳುವುದಿಲ್ಲವೆಂದು ನಾನು ಕೇಳದೆಯೇ ಮಾತು ಕೊಟ್ಟು ಹೋದರು. ಸೋಮವಾರ ಪ್ರಾಂಶುಪಾಲರು ನನ್ನನ್ನು ಕರೆದು, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಬಹಳ ಮೃದುವಾಗಿ ವಿಚಾರಿಸಿದರು.

ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ಆ ಒಂದೂ ಮುಕ್ಕಾಲು ಗಂಟೆ ತಮಾಷೆಯಾಗಿರಲಿಲ್ಲ. ಹನ್ನೊಂದಾದರೂ ಅವರು ಬರಲಿಲ್ಲ. ಫೋನು ಮಾಡಲು ಕೈ ಹೋಗುತ್ತಿತ್ತು, ಎಂಟರ ಆಕಾರದ ಗೆರೆಯ ನಡುವೆ ಫೋನು ಬಡಿದುಕೊಂಡರೆ ಎಂದು ಹಿಂದಕ್ಕೆ ಬರುತ್ತಿತ್ತು. ಎದುರಿಗೆ ಚಾಮುಂಡಿ ಬೆಟ್ಟ ಕೂತಿತ್ತು. ನಾನು ತರಗತಿಯಲ್ಲಿ ಹರಕೆ, ಮುಡಿಪುಗಳ ಬಗ್ಗೆ ಲಘುವಾಗಿ ಮಾತನಾಡುವವನು. ಆ ಬೆಳಗ್ಗೆ, ಆಕೆ ಪಾಸಾದರೆ ಸಾವಿರ ಮೆಟ್ಟಿಲನ್ನೂ ನಡೆದೇ ಹತ್ತುತ್ತೇನೆ ತಾಯಿ ಎಂದು ಸೊಪ್ಪಿಗೆ ನೀರು ಚಿಮುಕಿಸುತ್ತಾ ಹೇಳಿಕೊಂಡದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮುಂದಿನ ವಾರ ಹತ್ತಿದೆ. ನನ್ನ ಮಂಡಿಗಳಿಗೆ ಎಣ್ಣೆ ತುಂಬಿಸುವ ಮುಚ್ಚಳ ಎಲ್ಲಿದೆಯೆಂದು ತಮ್ಮ ಬಳಗದ ಯಾರಾದರೂ ಬರೆದಿದ್ದರೆ ತಿಳಿಸಬೇಕು.

ಹನ್ನೊಂದೂ ಕಾಲಿಗೆ ಗಾಡಿ ಬಂತು. ಸುಮಾ ಓಡಿಸುತ್ತಿದ್ದಳು. ಮರಿಯಯ್ಯ ಹಿಂದೆ ಕೈಕಟ್ಟಿಕೊಂಡು, ಮದುವೆಯ ಕಾರಿನಲ್ಲಿ ಕೂತವರಂತೆ ಕೂತಿದ್ದರು. ಆಕೆ ಗಾಡಿ ನಿಲ್ಲಿಸಿ, ಸ್ಟ್ಯಾಂಡು ಹಾಕಿ, "ಆಯ್ತು" ಎಂದಳು. ಅಷ್ಟೇ. ಉಳಿದದ್ದನ್ನು ಹೇಳಿದವರು ಮರಿಯಯ್ಯ.

"ಸಾಹೇಬ್ರು ಗಾಡಿ ಕೊಕ್ಕೆ ನೋಡ್ಬುಟ್ಟು, ಇದೇನಮ್ಮ ಗಾಡಿಗೆ ಕೊಂಬು ಅಂದ್ರು. ಸೊಪ್ಪಿನ ಗಾಡಿ ಸಾರ್, ನಮ್ಮ ಗಾಡಿ ದಾರೀಲಿ ಕೆಟ್ಟೋಯ್ತು ಅಂದ್ಲು. ಓಡ್ಸಿ ಅಂದ್ರು. ಮೊದಲ್ನೇ ಸಲ ಗೇರು ತಪ್ಪೋಗಿ ಗಾಡಿ ಆಫಾಗೋಯ್ತು. ನಾನು ಮುಗೀತು ಅಂದ್ಕೊಂಡೆ. ಇವ್ಳು ಸಾರ್ ಇನ್ನೊಂದ್ಸಲ ಅಂತ ಕೇಳಿ, ಕಣ್ಮುಚ್ಚಿ ಕಾಲಲ್ಲೇ ಗೇರು ಲೆಕ್ಕ ಹಾಕಿ, ಆಮೇಲೆ ಓಡ್ಸಿದ್ಲು ನೋಡಿ ಮೇಷ್ಟ್ರೇ. ಎಂಟು ಬರೆದ್ಲು. ನೆಲಕ್ಕೆ ಕಾಲೂರ್ನಿಲ್ಲ. ಅಲ್ಲಿದ್ದ ಐಕಳೆಲ್ಲಾ ಸ್ವಂತ ಗಾಡೀಲೇ ಕಾಲೂರ್ತಿದ್ವು."

ಆಮೇಲೆ ಅವರು ಕುಕ್ಕೆಯೊಳಗೆ ಕೈ ಹಾಕಿ ನೋಡಿ, ನಾನು ಸೊಪ್ಪನ್ನು ಚೆನ್ನಾಗಿ ನೋಡಿಕೊಂಡೆನೆಂದು ಒಪ್ಪಿಕೊಂಡರು. ಆ ಬೆಳಗ್ಗೆ ನನಗೆ ದಕ್ಕಿದ ಪ್ರಶಂಸೆ ಅದೊಂದೇ ಆದದ್ದರಿಂದ ದಾಖಲಿಸುತ್ತಿದ್ದೇನೆ. ಅವರು ಹೋದ ಮೇಲೆ ಸುಮಾ ನನ್ನ ಪಕ್ಕ ಗೋಡೆಗೊರಗಿ ಕೂತಳು. ಸ್ವಲ್ಪ ಹೊತ್ತಿಗೆ ಆಕೆಯ ಹೆಗಲು ಅಲುಗಲಾರಂಭಿಸಿತು. ಅಳುತ್ತಿದ್ದಾಳೆಂದು ನಾನು ಹೆದರಿದೆ. ನಗುತ್ತಿದ್ದಳು. "ಮೈಗೆ ಹತ್ತೋವರೆಗೂ ಹಾಗೇ ಇರುತ್ತಾ?" ಎಂದು ಕೇಳಿ ಮತ್ತೆ ನಕ್ಕಳು. ನನಗೂ ನಗು ಬಂತು. ಬೇರೆ ದಾರಿಯಿರಲಿಲ್ಲ.

ಗೂಡ್ಸ್ ಆಟೋದಲ್ಲಿ ಗಾಡಿಯನ್ನು ದೇವರಾಜು ಅವರ ಅಂಗಡಿಗೆ ಸಾಗಿಸಿದೆವು. ಅವರು ಎಂಜಿನ್ ಬಿಚ್ಚಿ, ಪಕ್ಕೆಯುದ್ದಕ್ಕೂ ಬೆಕ್ಕು ಪರಚಿದಂತೆ ಗೀರು ಬಿದ್ದ ಪಿಸ್ಟನ್ನನ್ನು ನನ್ನ ಅಂಗೈಯಲ್ಲಿಟ್ಟರು. "ಘರ್ಷಣೆ ಪಾಠ ಮಾಡ್ತೀರಂತಲ್ಲ ಸಾರ್. ತಗೊಂಡೋಗಿ ತೋರ್ಸಿ, ಮಕ್ಕಳು ಮರೆಯಲ್ಲ." ಕೊಂಕಾಗಿ ಹೇಳಿದರೋ ನಿಜವಾಗಿ ಹೇಳಿದರೋ ಈಗಲೂ ತಿಳಿಯದು. ಒಯ್ದೆ, ತೋರಿಸಿದೆ. ಯಾರ ಗಾಡಿಯದೆಂದು ಮಕ್ಕಳು ಕೇಳಿದರು, ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಆ ಅಧ್ಯಾಯಕ್ಕೆ ಕೊನೆಯ ಬೆಂಚು ಎಚ್ಚರವಾಗಿದ್ದದ್ದು ಅದೇ ಮೊದಲು. ಗಾಡಿ ಹನ್ನೊಂದು ದಿನದ ಮೇಲೆ ಹೊಸ ಪಿಸ್ಟನ್ನಿನೊಂದಿಗೆ ಮನೆಗೆ ಬಂತು. ಅಷ್ಟರಲ್ಲಿ ಸುಮಾ ಲ್ಯಾಬಿನ ಗಾಡಿಯ ಮೇಲೆ ಕುವೆಂಪುನಗರ, ಶ್ರೀರಾಂಪುರವೆಲ್ಲ ಸುತ್ತಿ ಬರುತ್ತಿದ್ದಳು. ಬೆಳಗ್ಗೆ ಬಿಸಿಲಿನಲ್ಲಿ ಕೆಲಸ ಮಾಡುವುದೆಂದರೆ ಹೇಗಿರುತ್ತದೆಂಬುದೇ ತನಗೆ ಮರೆತುಹೋಗಿತ್ತು ಎಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು.

ಈಗ ನನ್ನ ಬಿನ್ನಹಗಳು. ಮುಂದಿನ ಮುದ್ರಣದಲ್ಲಿ ತಾವು ಎಣ್ಣೆ ಬಸಿಯುವ ಮಾತನ್ನೂ ತುಂಬಿಸುವ ಮಾತನ್ನೂ ಒಂದೇ ಪುಟದಲ್ಲಿ, ಸಾಧ್ಯವಾದರೆ ಒಂದೇ ವಾಕ್ಯದಲ್ಲಿ ಹೇಳಬೇಕು. ಆರು ಪದಗಳ ವ್ರತ ಆ ಒಂದು ಕಡೆ ಮುರಿದರೆ ದೋಷವಿಲ್ಲ. ಪುಸ್ತಕದ ಹಾಳೆಗಳನ್ನು ಜಿಡ್ಡಿಗೆ ಅಂಟದ ಕಾಗದದಲ್ಲಿ, ಉದಾಹರಣೆಗೆ ಬಾಳೆಯೆಲೆಯಲ್ಲಿ, ಅಚ್ಚು ಹಾಕಿಸುವುದನ್ನು ಪರಿಶೀಲಿಸಬೇಕು. ಗಾಡಿಯ ಮುಂದೆ ಪೆಟ್ರೋಲಿಗೊಂದು, ನ್ಯೂಟ್ರಲ್ಲಿಗೊಂದು ದೀಪವಿಟ್ಟಿರುವ ತಮ್ಮ ಕಂಪನಿಯವರು, ಓಡಿಸುವವನು ತನಗೆ ಗೊತ್ತಿಲ್ಲದ್ದನ್ನು ಹೆಂಡತಿಗೆ ವಿವರಿಸಲು ತೊಡಗಿದಾಗ ಹತ್ತಿಕೊಳ್ಳುವ ಕೆಂಪು ದೀಪವೊಂದನ್ನೂ ಕೂರಿಸಬೇಕೆಂದು ಅವರಿಗೆ ಶಿಫಾರಸು ಮಾಡಬೇಕು. ಅದು ಸದಾ ಉರಿದು ಬ್ಯಾಟರಿ ಬರಿದಾಗುವ ಭಯವಿದ್ದರೆ, ನನ್ನಂಥ ಮನೆಗಳಿಗೆ ದೊಡ್ಡ ಬ್ಯಾಟರಿಯನ್ನೇ ಕೊಡಬಹುದು.

ಇಷ್ಟು ಬರೆದ ಮೇಲೆ ಹಾಳೆಗಳನ್ನು ಬಿಡಿಸಿ ನಲವತ್ತೆಂಟನೆಯ ಪುಟವನ್ನು ಕೊನೆಗೂ ಓದಿದೆ. 'ಹೊಸ ಎಣ್ಣೆ ತುಂಬಿಸಿರಿ. ಮರೆಯದಿರಿ.' ಎಷ್ಟು ಚೆನ್ನಾಗಿ ಬರೆದಿದ್ದೀರಿ.

ತಮ್ಮ ಮೇಲೆ ಇನ್ನೂ ವಿಶ್ವಾಸವಿಟ್ಟಿರುವ, ತನ್ನ ಮೇಲೆ ಅಷ್ಟಾಗಿ ಇಲ್ಲದ,
ಮಂಟೇಸ್ವಾಮಿ
ವಿದ್ಯಾರಣ್ಯಪುರಂ, ಮೈಸೂರು

ವಿ. ಸೂ.: ಕಳೆದ ಭಾನುವಾರ ನಮ್ಮ ಗಾಡಿಯ ಎಣ್ಣೆಯನ್ನು ಸುಮಾ ತಾನೇ ಬದಲಾಯಿಸಿದಳು. ತಮ್ಮ ಪುಸ್ತಕವನ್ನು ತೆರೆಯಲಿಲ್ಲ. ಶುರುಮಾಡುವ ಮೊದಲೇ ಹೊಸ ಎಣ್ಣೆಯ ಡಬ್ಬವನ್ನು ನನ್ನ ಎರಡು ಕೈಗೂ ಕೊಟ್ಟು, "ನಾನು ಕೇಳೋವರೆಗೂ ಇದನ್ನ ಕೆಳಗಿಡಬೇಡಿ, ಫೋನ್ ಎತ್ತಬೇಡಿ" ಎಂದಳು. ಮುಕ್ಕಾಲು ಗಂಟೆ ಹಿಡಿದು ನಿಂತಿದ್ದೆ. ಕೆಲಸ ಎಲ್ಲಿಯೂ ತಪ್ಪಲಿಲ್ಲ. ತಮ್ಮ ಕೈಪಿಡಿಯಲ್ಲಿ 'ಬೇಕಾಗುವ ಸಲಕರಣೆಗಳು' ಎಂಬ ಪಟ್ಟಿಯೊಂದಿದೆಯಲ್ಲ. ಅದರಲ್ಲಿ ಸ್ಪ್ಯಾನರ್, ಬೋಗುಣಿ, ಬಟ್ಟೆಚೂರುಗಳ ನಂತರ 'ಗಂಡ, ಒಂದು' ಎಂದು ಸೇರಿಸಿಕೊಳ್ಳಬೇಕೆಂದು ಆಕೆ ತಿಳಿಸಿದ್ದಾಳೆ. ಹೊಸದೇ ಆಗಬೇಕೆಂದಿಲ್ಲ, ಹಳೆಯದೂ ನಡೆಯುತ್ತದಂತೆ.